ಟಿಕಳಿಯಷ್ಟು ಆವಾಜು

ಸಂಜೆ ಆರರಿಂದ ಏಳರವರೆಗೆ ನಾನು ಯಾರಿಗೂ ಸಿಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಒಂದು ಕಾಯಿದೆ ಇತ್ತು. ಇತ್ತು ಎಂದೆ, ಇದೆ ಎನ್ನಲಿಲ್ಲ. ದಯವಿಟ್ಟು ಗಮನಿಸಬೇಕು.

ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಕಾಲುವೆಗೆ ನೀರು ಬಂದರೆ ಹೆಚ್ಚು ಬಂತೆಂದು ಬೈಯುವವರು, ಬರದಿದ್ದರೆ ಬರಲಿಲ್ಲವೆಂದು ಬೈಯುವವರು, ಇಬ್ಬರೂ ನನ್ನ ಟೇಬಲ್ಲಿನ ಮುಂದೆಯೇ ಬಂದು ನಿಲ್ಲುತ್ತಾರೆ. ನೀರು ಬಿಡುವವನು ನಾನಲ್ಲ, ನಿಲ್ಲಿಸುವವನೂ ನಾನಲ್ಲ. ಬೈಸಿಕೊಳ್ಳುವವನು ಮಾತ್ರ ನಾನು. (ಈ ಕೆಲಸಕ್ಕೆ ಬೇರೆ ಹುದ್ದೆ ಮಂಜೂರಾಗಿಲ್ಲ, ಹೆಚ್ಚುವರಿ ಪ್ರಭಾರವೆಂದು ನನಗೇ ವಹಿಸಿದ್ದಾರೆ.) ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನ ಕಿವಿಗಳು ಸಂತೆಯಿಂದ ತಂದ ಚೀಲದಂತೆ ತುಂಬಿ ಜೋತುಬಿದ್ದಿರುತ್ತವೆ. ಆಗ ಒಂದು ತಾಸು ಖುರ್ಚಿಯಲ್ಲಿ ಕಾಲು ಚಾಚಿ ಹಳೆಯ ನಾಟಕ ಕಂಪನಿಯ ಹಾಡು, ಇಲ್ಲವೇ ಭಜನಾ ಪದ ಕೇಳಬೇಕು. ಇಷ್ಟೇ ನನ್ನ ಆಸೆ. ಆ ಒಂದು ತಾಸು ಇಲ್ಲದಿದ್ದರೆ ನಾನು ಎಂದೋ ನೌಕರಿಗೆ ಕೈಮುಗಿದು ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ದಾರಿಯಲ್ಲಿ ಜೋಳಿಗೆ ಹಿಡಿದು ಕೂತಿರುತ್ತಿದ್ದೆ.

ಹಾಡು ಕೇಳಲು ನಮ್ಮಲ್ಲಿ ಒಂದು ಪೆಟ್ಟಿಗೆ ಇತ್ತು. ಮದುವೆಗೆ ಗೆಳೆಯರೆಲ್ಲ ಸೇರಿ ಕೊಟ್ಟದ್ದು. ಮೊದಲು ಕ್ಯಾಸೆಟ್ಟು ನುಂಗುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಯವನೊಬ್ಬ ಹೊಟ್ಟೆ ಬಗೆದು, ಏನೋ ತಂತಿ ಎಳೆದು, ಪೆನ್ ಡ್ರೈವ್ ಹಾಕುವಂತೆ ಮಾಡಿಕೊಟ್ಟ. ಅದರ ಗುಂಡಿಯನ್ನು ಕಾಲುಭಾಗ ತಿರುಗಿಸಿದರೆ ಹಾಡುಗಾರ ಪಕ್ಕದ ಊರಿನಲ್ಲಿ ಕೂತು ಹಾಡುತ್ತಿದ್ದ. ಅರ್ಧ ತಿರುಗಿಸಿದರೆ ನಮ್ಮ ಮನೆಗೇ ಬರುತ್ತಿದ್ದ, ಆದರೆ ಬರುವಾಗ ಒಂದು ಕರಡಿಯನ್ನೂ ಜೊತೆಗೆ ಕರೆತರುತ್ತಿದ್ದ. ಗರ್ರ್ ಎಂಬ ಆ ಗುರುಗುಡುವಿಕೆಗೆ ನಮ್ಮ ಮನೆಯಲ್ಲಿ ಕರಡಿ ಎಂದೇ ಹೆಸರು. "ರೀ, ಕರಡಿ ಎದ್ದೈತಿ ನೋಡ್ರಿ!" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಗಂಗಾ ಕೂಗಿದರೆ ನಾನು ಕೂಡಲೇ ಗುಂಡಿ ಹಿಂದಕ್ಕೆ ತಿರುಗಿಸಬೇಕು. ಯಾವುದು ಜೋರು, ಯಾವುದು ಮೆಲ್ಲಗೆ ಎಂದು ನಮ್ಮ ಸಂಸಾರದಲ್ಲಿ ಫೈಸಲು ಮಾಡುತ್ತಿದ್ದದ್ದು ಕರಡಿಯೇ ಹೊರತು ನಾವಲ್ಲ. ಇದು ಆಗ ನನಗೆ ಹೊಳೆದಿರಲಿಲ್ಲ.

"ಇಡೀ ದಿನ ಮಂದಿ ಕಡಿಂದ ಬೈಸ್ಕೊಂಡ್ ಬರ್ತೀರಿ. ಸಂಜಿಗಿ ಈ ಪೆಟಗಿ ಕಡಿಂದ ನಮ್ಮನ್ನ ಬೈಸ್ತೀರಿ" ಎಂದಳು ಗಂಗಾ ಒಂದು ದಿನ.

"ಅದು ಬೈಯಾಕತ್ತಿಲ್ಲ, ಹಾಡಾಕತ್ತೈತಿ."

"ಹಾಡಾಕತ್ತಿದ್ರ ನಸೀಮಾಬಿ ಗ್ವಾಡಿ ಬಡದು ಯಾರ ಜೋಡಿ ಜಗಳ ನಡದೈತಿ ಅಂತ ಯಾಕ ಕೇಳ್ತಾಳ?"

ನಸೀಮಾಬಿ ನಮ್ಮ ಪಕ್ಕದ ಮನೆಯವಳು. ಎರಡು ಮನೆಗೂ ಒಂದೇ ಗೋಡೆ. ಅವಳ ಹೆಸರು ಎತ್ತಿದ ಮೇಲೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ.

ಅದೇ ತಿಂಗಳು ಕಚೇರಿಯ ಕೆಲಸದ ಮೇಲೆ ಗಂಗಾವತಿಗೆ ಹೋಗಿದ್ದೆ. ಬಸ್ಸಿಗೆ ಹೊತ್ತಿತ್ತು. ನೆರಳಿದೆ ಎಂಬ ಒಂದೇ ಕಾರಣಕ್ಕೆ ಗಾದಿಲಿಂಗಪ್ಪನ ಅಂಗಡಿ ಹೊಕ್ಕೆ. ಅವನು ಮನೆಗೆ ಹಾಕುವ ಸೆಟ್ಟು, ಮದುವೆಗೆ ಹಾಕುವ ಸೆಟ್ಟು, ಎಲ್ಲ ಮಾರುವವನು. ನನ್ನ ಮುಖ ನೋಡಿಯೇ ನನ್ನ ದುಃಖ ಅರ್ಥವಾಯಿತೋ ಏನೋ, ಕುಳ್ಳಿರಿಸಿ ಉಪದೇಶ ಮಾಡಿದ.

"ಸರ್ರ, ಹಳೇ ಪೆಟಗಿ ಇದ್ದೋರು ಆವಾಜ್ ಯಾಕ ಏರಸ್ತಾರ ಹೇಳ್ರಿ? ಮಾತು ತಿಳಿಯಂಗಿಲ್ಲ ಅಂತ. ಈ ಸೆಟ್ಟಿನ್ಯಾಗ ಸಣ್ಣ ಆವಾಜಿಗೇ ಎಲ್ಲಾ ತಿಳೀತದ. ಏರಸೋ ಮಾತ ಇಲ್ಲ. ಮನ್ಯಾಗ ಜಗಳನೂ ಇಲ್ಲ."

ಹಾಗೆಂದು ಒಂದು ರಂಗಗೀತೆ ಹಚ್ಚಿದ, ಬಹಳ ಮೆಲ್ಲಗೆ. ಇಷ್ಟು ವರ್ಷ ಕೇಳಿದ ಹಾಡು ಅದು. ಆದರೆ ಹಾಡುಗಾರ ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದನ್ನು ನಾನು ಕೇಳಿದ್ದು ಅಂದೇ. ಹಾರ್ಮೋನಿಯಮ್ಮಿನ ತಿದಿ ಒತ್ತಿದ ಸಪ್ಪಳ ಕೂಡ ಕೇಳಿಸಿತು. ನನಗೆ ಅಳು ಬಂದಂತಾಯಿತು. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ನಾನು, ನನ್ನ ತೊಡೆಯ ಮೇಲೆ ಸೆಟ್ಟು, ಕಾಲ ಬಳಿ ಎರಡು ಸ್ಪೀಕರು, ಹೀಗೆ ನಾಲ್ಕು ಜನ ಕೊಪ್ಪಳಕ್ಕೆ ಬಂದೆವು.

ಗಂಗಾ ಸೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಕೇಳಿದಳು. ಮುಖ ಸಡಿಲವಾಯಿತು. ಆದರೂ ಸುಮ್ಮನೆ ಒಪ್ಪಿದರೆ ಅವಳ ಅಧಿಕಾರಕ್ಕೆ ಕುಂದಲ್ಲವೇ? ಕನ್ನಡಿಗೆ ಅಂಟಿಸಿಟ್ಟಿದ್ದ ಹಣೆಯ ಟಿಕಳಿಗಳಲ್ಲಿ ಒಂದು ಕೆಂಪು ಟಿಕಳಿ ಕಿತ್ತುಕೊಂಡು ಬಂದು ಗುಂಡಿಯ ಪಕ್ಕದಲ್ಲಿ ಒತ್ತಿ ಹಚ್ಚಿದಳು.

"ಗುಂಡಿ ಮ್ಯಾಲಿನ ಗೆರಿ ಈ ಟಿಕಳಿ ತನಕ ಬರಬೇಕು. ದಾಟಿದ್ರ ಸೆಟ್ಟು ಶ್ರೀರಾಮನಗರಕ್ಕ ಹೋಗ್ತದ. ನಮ್ಮ ವಿರುಪಣ್ಣ ಟ್ರ್ಯಾಕ್ಟರಿಗಿ ಒಂದು ಸೆಟ್ಟು ಹುಡುಕಾಕತ್ತಾನ."

ವಿರುಪಣ್ಣ ಅವಳ ಅಣ್ಣ. ಶ್ರೀರಾಮನಗರದಲ್ಲಿ ಭತ್ತ ಬೆಳೆಯುತ್ತಾನೆ. ಟ್ರ್ಯಾಕ್ಟರಿನ ಮೇಲೆ ನಾಲ್ಕು ಊರಿಗೆ ಕೇಳುವಂತೆ ಹಾಡು ಹಚ್ಚಿಕೊಂಡು ಗದ್ದೆಯ ಕೆಸರು ತುಳಿಸುತ್ತಾನೆ. ನನ್ನ ಹಾರ್ಮೋನಿಯಮ್ಮಿನ ಉಸಿರು ಆ ಕೆಸರಿನಲ್ಲಿ ಹೂತುಹೋಗಬಾರದಲ್ಲ. ಟಿಕಳಿಗೆ ಕೈಮುಗಿದು ಒಪ್ಪಿಕೊಂಡೆ.

ಮೊದಲ ಕೆಲವು ಸಂಜೆಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಮೀರದಷ್ಟು ಮೆಲ್ಲಗೆ ಹಾಡು. "ಹಾಡಿನ್ಯಾಗ ಮಾತೂ ಇರ್ತಾವಲ್ರಿ!" ಎಂದು ಗಂಗಾ ಬೆರಗಾದಳು. ಇಷ್ಟು ವರ್ಷ ಅವಳು ಬರೀ ಕರಡಿಯನ್ನೇ ಕೇಳಿದ್ದಳು, ಪಾಪ.

ಮೊದಲ ತಪ್ಪು ಮಾಡಿಸಿದ್ದು ಮಿಕ್ಸರು. ಒಳಗೆ ಶೇಂಗಾ ಚಟ್ನಿ ರುಬ್ಬುತ್ತಿದ್ದಳು. ಹಾಡಿನ ಅತಿ ಸೊಗಸಾದ ಜಾಗ. ಎರಡು ಬೆರಳಿನಲ್ಲಿ ಗುಂಡಿಯನ್ನು ಒಂದಿಷ್ಟು ತಿರುಗಿಸಿದೆ. ಮಿಕ್ಸರು ನಿಂತಿತು. ಗುಂಡಿ ಹಿಂದಕ್ಕೆ ತರುವುದು ಮರೆತುಹೋಯಿತು. ಆದರೆ ಕರಡಿ ಏಳಲಿಲ್ಲ, ಅಡುಗೆಮನೆಯಿಂದ ತಕರಾರೂ ಬರಲಿಲ್ಲ. ಕರಡಿಯೇ ಏಳದ ಮೇಲೆ ಅದು ಜೋರು ಹೇಗಾದೀತು?

ಮರುದಿನ ಟಿಕಳಿಯ ಲೆಕ್ಕಕ್ಕೆ ಇಟ್ಟರೆ ಹಾಡುಗಾರನಿಗೆ ನೆಗಡಿ ಬಂದಂತೆ ಕೇಳಿಸಿತು. ಗಂಗಾ ಹಿತ್ತಲಿನಲ್ಲಿದ್ದಳು. ಟಿಕಳಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಒಂದು ಜೋಳದ ಕಾಳಿನಷ್ಟು ಮುಂದೆ ಅಂಟಿಸಿದೆ. ಕರಾರು ಮುರಿದಂತಾಗಲಿಲ್ಲ, ಗೆರೆ ಟಿಕಳಿಯನ್ನು ದಾಟಲಿಲ್ಲ. (ಕಚೇರಿಯಲ್ಲಿ ಇಷ್ಟು ವರ್ಷ ಕೂತವನಿಗೆ ಇಷ್ಟು ಬುದ್ಧಿ ಇರಬೇಡವೇ?) ಕೆಲವು ದಿನ ಬಿಟ್ಟು ಅದೂ ನೆಗಡಿಯಾಯಿತು. ಇನ್ನೊಂದು ಕಾಳು ಸರಿಸಿದೆ.

ಒಂದು ಮಾತ್ರ ವಿಚಿತ್ರವಾಗಿತ್ತು. ನಾನು ಕಾಳಿನಷ್ಟು ಸರಿಸಿದ ಟಿಕಳಿ ಮರುದಿನ ಸಂಜೆ ನೋಡಿದರೆ ಬೆರಳಿನಷ್ಟು ಸರಿದಿರುತ್ತಿತ್ತು. ನಮ್ಮೂರಿನ ಬಿಸಿಲಿಗೆ ಅಂಟು ಕರಗಿ ಜಾರುತ್ತಿರಬೇಕು ಎಂದುಕೊಂಡೆ. (ಕರಗಿದ ಅಂಟು ಮೇಲಕ್ಕೇ ಏಕೆ ಜಾರುತ್ತದೆ ಎಂದು ಯೋಚಿಸುವಷ್ಟು ತ್ರಾಣ ಸಂಜೆ ನನ್ನಲ್ಲಿ ಇರುವುದಿಲ್ಲ.) ಜಾರಿದ ಟಿಕಳಿಯೂ ಟಿಕಳಿಯೇ ಅಲ್ಲವೇ? ಅದು ಹೇಳಿದಲ್ಲಿಗೆ ಗುಂಡಿ ಇಟ್ಟು ಕಣ್ಣು ಮುಚ್ಚಿದೆ.

ನಸೀಮಾಬಿ ಒಂದು ದಿನ ಬಾಗಿಲಲ್ಲಿ ಸಿಕ್ಕು, "ಕಳಕೇಶಣ್ಣಾ, ಈಗ ಹಾಡು ಭಾಳ ಛಲೋ ಬರ್ತಾವ್ರಿ. ನಮ್ಮ ಟಿವಿ ಬಂದ್ ಮಾಡಿ ನಿಮ್ದ ಕೇಳ್ತೀನಿ" ಎಂದಳು. ನಾನು ಹಿಗ್ಗಿದೆ. ಅಷ್ಟು ದಪ್ಪ ಕಲ್ಲಿನ ಗೋಡೆಯ ಆಚೆ ಅವಳಿಗೆ ಹೇಗೆ ಕೇಳಿಸುತ್ತದೆ ಎಂದು ವಿಚಾರಿಸಬೇಕಾಗಿತ್ತು. ವಿಚಾರಿಸಲಿಲ್ಲ.

ಇಲ್ಲಿ ನಮ್ಮ ಮನೆ ಇರುವ ಜಾಗ ಹೇಳಬೇಕು. ಕೊಪ್ಪಳ ದಾಟಿ ಹುಲಿಗಿಗೆ ಹೋಗುವ ರಸ್ತೆಗೇ ನಮ್ಮ ಕಟ್ಟೆ. ಹುಣ್ಣಿಮೆ ಬಂತೆಂದರೆ ಯಲಬುರ್ಗಾ, ಕುಷ್ಟಗಿ ಕಡೆಯಿಂದ ಹುಲಿಗೆಮ್ಮನಿಗೆ ನಡೆದು ಹೋಗುವ ಜನ ನಮ್ಮ ಮುಂದೆಯೇ ಹಾಯುತ್ತಾರೆ. ಅವರಿಗೆಂದು ದಾರಿಯಲ್ಲಿ ಭಕ್ತರು ಅಲ್ಲಲ್ಲಿ ದಾಸೋಹ ಇಡುತ್ತಾರೆ. ಊಟ ಇಲ್ಲಿದೆ ಎಂದು ಯಾರೂ ಬೋರ್ಡು ಬರೆಸುವುದಿಲ್ಲ. ದೇವರ ಹಾಡು ಜೋರಾಗಿ ಕೇಳಿಸಿದರೆ ಅಲ್ಲಿ ಅನ್ನ ಇದೆ ಎಂದೇ ಅರ್ಥ, ಬಳಲಿದ ಕಾಲುಗಳು ತಾವಾಗಿ ಅತ್ತ ಹೊರಳುತ್ತವೆ. ಹಳೆಯ ಪೆಟ್ಟಿಗೆಯ ಕಾಲದಲ್ಲಿ ಒಬ್ಬರೂ ನಮ್ಮ ಕಡೆ ಹೊರಳಿದ್ದಿಲ್ಲ. ಕರಡಿಯ ಸದ್ದಿಗೆ, ಯಾರದೋ ಮನೆ ಜಗಳವೆಂದು ಬಿರಬಿರನೆ ದಾಟುತ್ತಿದ್ದರು.

ಆ ಹುಣ್ಣಿಮೆಯ ಹಿಂದಿನ ದಿನ ಕಚೇರಿಯಲ್ಲಿ ಮೇಲಿನ ಕಾಲುವೆಯವರು, ಕೆಳಗಿನ ಕಾಲುವೆಯವರು ಇಬ್ಬರೂ ಒಟ್ಟಿಗೇ ಬಂದಿದ್ದರು. ಅವರು ಪರಸ್ಪರ ಬೈದುಕೊಂಡು ಸುಸ್ತಾದ ಮೇಲೆ ರಾಜಿಯಾಗಿ ಇಬ್ಬರೂ ಸೇರಿ ನನ್ನನ್ನು ಬೈದರು. ಮನೆಗೆ ಬಂದವನೇ ಭಜನಾ ಪದ ಹಚ್ಚಿ, ಗುಂಡಿಯನ್ನು ಟಿಕಳಿಗೆ ಮುಟ್ಟಿಸಿ, ಖುರ್ಚಿಯಲ್ಲಿ ಬಿದ್ದುಕೊಂಡೆ. ತಾಳ, ತಬಲಾ, ಹಾರ್ಮೋನಿಯಂ ನನ್ನ ಸುತ್ತ ಕೂತವು. ಬೈಗುಳಗಳೆಲ್ಲ ಒಂದೊಂದಾಗಿ ಕಿವಿಯಿಂದ ಇಳಿದು ಹೋಗತೊಡಗಿದವು.

ಪದದ ಕೊನೆಯಲ್ಲಿ "ಉಧೋ ಉಧೋ" ಎಂದು ಮೇಳದವರು ದನಿಗೂಡಿಸಿದರು. ಎಂಥ ಸೆಟ್ಟು, ಜನ ಎದುರಿಗೇ ಕೂತು ಕೂಗಿದ ಹಾಗಿದೆ ಎಂದು ಮೆಚ್ಚುತ್ತ ಕಣ್ಣು ತೆರೆದೆ.

ಜನ ಎದುರಿಗೇ ಕೂತಿದ್ದರು.

ಬಾಗಿಲಲ್ಲಿ ಚಪ್ಪಲಿಯ ರಾಶಿ. ಕಟ್ಟೆಯ ಮೇಲೆ ಒಂದು ಸಾಲು, ಅಂಗಳದಲ್ಲಿ ಎರಡು ಸಾಲು. ಅಜ್ಜಿಯೊಬ್ಬಳು ನಮ್ಮ ನೀರಿನ ತೊಟ್ಟಿಯಲ್ಲಿ ಕಾಲು ತೊಳೆದುಕೊಂಡು ಸೀರೆಯ ಅಂಚು ಹಿಂಡುತ್ತಿದ್ದಳು. ಅವರ ಮುಂದಾಳು, ಹಸಿರು ರುಮಾಲಿನ ಹಿರಿಯ, ನನಗೆ ಕೈಮುಗಿದ. ಹನುಮಂತಪ್ಪ ಎಂದು ಅವನ ಹೆಸರು, ಯಲಬುರ್ಗಾ ಕಡೆಯವನು.

"ಯಾರು ಬೇಕಾಗಿತ್ರಿ?" ಎಂದೆ.

"ಯಾರೂ ಬ್ಯಾಡ್ರಿ ಸಾವಕಾರ್ರ, ಊಟ ಆದ್ರ ಸಾಕ್ರಿ."

ಗಾಬರಿಯಲ್ಲಿ ಸೆಟ್ಟು ಬಂದ್ ಮಾಡಿದೆ. ಆಗ ಬಂದ ನಿಶ್ಶಬ್ದವಿದೆಯಲ್ಲ, ಅದರಿಂದಲೇ ಗೊತ್ತಾಯಿತು ನನಗೆ, ಇಷ್ಟು ಹೊತ್ತು ಎಂಥ ಗದ್ದಲದಲ್ಲಿ ಕೂತಿದ್ದೆನೆಂದು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎದುರಿನ ಬೇವಿನ ಮರಕ್ಕೆ ಕಾಗೆಗಳು ಒಂದೊಂದಾಗಿ ಮರಳಿ ಬಂದು ಕೂತವು.

ಗಂಗಾ ಸೌಟು ಹಿಡಿದು ಹೊರಗೆ ಬಂದಳು. ಜನರನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆಟ್ಟಿನ ಹತ್ತಿರ ಬಗ್ಗಿ ಟಿಕಳಿಯನ್ನು ನೋಡಿದಳು. ಟಿಕಳಿ ಗುಂಡಿಯ ಸುತ್ತ ಮುಕ್ಕಾಲು ಪ್ರಯಾಣ ಮುಗಿಸಿತ್ತು.

"ಏನ್ರಿ ಇದು? ಟಿಕಳಿ ಎಲ್ಲಿಗಿ ಬಂದೈತಿ?" ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದೆ ಎಂದು ಅವಳು ತಿಳಿದಿದ್ದಳು ಅಷ್ಟೆ. ವಾರಗಟ್ಟಲೆ ಆ ಹಾಡಿನ ಮೇಲೆ ಮಾತಾಡಿ ನಮ್ಮಿಬ್ಬರ ಪಿಸುಮಾತೂ ಡಂಗುರದಷ್ಟು ಬೆಳೆದಿತ್ತು. ಮೂರು ಸಾಲೂ ನಮ್ಮ ಕಡೆ ತಿರುಗಿತು.

"ಜಾರೈತಿ" ಎಂದು ನಾನೂ ಪಿಸುಗುಟ್ಟಿದೆ.

"ಜಾರಿದ್ದು ಕೆಳಗ ಬರ್ತದ. ಮ್ಯಾಲ ಹ್ಯಾಂಗ ಏರಿತು?"

"ಒಂದೆರಡು ಜ್ವಾಳದ ಕಾಳಷ್ಟು ನಾ ಸರಿಸೀನಿ, ಖರೆ. ತಾಯಿ ಆಣಿ, ಅಷ್ಟ. ಉಳಿದದ್ದು ಹ್ಯಾಂಗ ಸರೀತು ನನಗ ಗೊತ್ತಿಲ್ಲ."

ಗಂಗಾ ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಹಗಲೊತ್ತು ನಾನೂ ಸ್ವಲ್ಪ…"

"ಸ್ವಲ್ಪ?"

"ಭಾಂಡಿ ತಿಕ್ಕಾಗ ಹಿತ್ತಲಕ್ಕ ಕೇಳಬೇಕಲ್ರಿ! ಮತ್ತ ನಸೀಮಾಬಿಗೂ…"

"ನಸೀಮಾಬಿಗೂ?"

"ಆಕಿ ಗ್ವಾಡಿ ಬಡೀತಾಳ. ಬಡದ್ರ ಏರಸಂತ ಅರ್ಥ."

ಗೋಡೆ ಬಡಿದರೆ ಇಳಿಸುವುದು ಹೋಗಿ ಏರಿಸುವುದು ಬಂದಿತ್ತು! ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆ, ಹೀಗೊಂದು ಆಡಳಿತ ಬದಲಾವಣೆ ಆಗಿದ್ದು ನನಗೆ ಗೊತ್ತೇ ಇರಲಿಲ್ಲ. ಇನ್ನೂ ಕೇಳುವವನಿದ್ದೆ. ಅಷ್ಟರಲ್ಲಿ ಕಾಲು ತೊಳೆದ ಅಜ್ಜಿ, ಹುಲಗಮ್ಮ, ನಡುವೆ ಬಾಯಿ ಹಾಕಿದಳು.

"ಇಬ್ಬರೂ ಸರಿಸೀರಿ ತಗೋರಿ. ಜಗಳ ಆಮ್ಯಾಲ ಆಡ್ರೆವ್ವಾ, ಮೊದಲ ಒಂದ್ ಚರಿಗಿ ನೀರ್ ಕೊಡ್ರಿ. ಮುಂಜಾನಿಂದ ನಡದೀವಿ."

ಇದು ದಾಸೋಹವಲ್ಲ, ಗುಮಾಸ್ತನೊಬ್ಬನ ದಣಿವಾರಿಸುವ ಖಾಸಗಿ ಕಾರ್ಯಕ್ರಮ ಎಂದು ಹೇಳಲು ನಾನು ಬಾಯಿ ತೆರೆದೆ. ಗಂಗಾ ಕಣ್ಣಿನಲ್ಲೇ ಮುಚ್ಚಿಸಿದಳು. ತಾಯಿಯ ಹತ್ತಿರ ನಡೆದು ಹೊರಟವರನ್ನು, ಅದೂ ಸಾಲು ಹಿಡಿದು ಕೂತವರನ್ನು, ಎಬ್ಬಿಸಿ ಕಳಿಸುವ ಎದೆ ಯಾರಿಗಿದೆ? ಅವಳು ಸೆರಗು ಸಿಕ್ಕಿಸಿದಳು. ವಿರುಪಣ್ಣ ಕಳಿಸಿದ್ದ ಅಕ್ಕಿ ಚೀಲದ ಬಾಯಿ ಬಿಚ್ಚಿತು. ನಸೀಮಾಬಿ ಮದುವೆ ಮನೆಗಳಿಗೆ ಕೊಡುವ ತನ್ನ ದೊಡ್ಡ ಬೋಗುಣಿಯನ್ನು ಉರುಳಿಸಿಕೊಂಡು ಬಂದಳು. ನನ್ನ ಮುಂದೆ ಒಂದು ಬುಟ್ಟಿ ಉಳ್ಳಾಗಡ್ಡಿ, ಒಂದು ಈಳಿಗೆ ಬಂದು ಕೂತವು. ನನ್ನ ಆ ಒಂದು ತಾಸು ಹೆಚ್ಚುವುದರಲ್ಲಿ ಹೋಯಿತು. ಕಣ್ಣೀರು ಬಂದದ್ದು ಉಳ್ಳಾಗಡ್ಡಿಗೆ ಎಂದು ಎಲ್ಲರೂ ತಿಳಿದರು.

ಅನ್ನ, ಸಾರು, ಮೇಲೊಂದಿಷ್ಟು ಶೇಂಗಾ ಚಟ್ನಿ. ಉಂಡು ಕೈ ತೊಳೆದ ಹನುಮಂತಪ್ಪ ಸೆಟ್ಟಿನ ಮುಂದೆ ನಿಂತು ತಲೆದೂಗಿದ.

"ಆ ತಿರುವಿನಿಂದ ಕೇಳಾಕತ್ತಿತ್ರಿ, ಒಂದೊಂದು ಮಾತೂ! ಉಳಿದ ಕಡಿ ಬರೇ ಗದ್ಲ ಹಾಕಿರ್ತಾರ. ಇಷ್ಟು ಛಲೋ ಆವಾಜ್ ಇಟ್ಟೋರು ಊಟನೂ ಛಲೋ ಹಾಕ್ತಾರ ಅಂತ ಇವ್ರಿಗೆಲ್ಲಾ ಹೇಳಿ ಕರಕೊಂಡ್ ಬಂದೆ."

ಹುಲಗಮ್ಮ ಗಂಗಾಳ ತಲೆಯ ಮೇಲೆ ಕೈ ಇಟ್ಟಳು. "ಪ್ರತಿ ಹುಣ್ಣಿಮಿಗೂ ತಾಯಿ ನಿನ್ನ ಕೈಲಿಂದ ಹಿಂಗ ಮಾಡಿಸ್ಕೋಲಿ ಮಗಳ."

ಇಂಥ ಆಶೀರ್ವಾದಕ್ಕೆ ತಲೆಬಾಗಿ ಸುಮ್ಮನಿರಬಹುದಾಗಿತ್ತು. ಆದರೆ ನನ್ನ ಹೆಂಡತಿಯನ್ನು ಅಷ್ಟು ಜನ ಒಟ್ಟಿಗೆ ಯಾವತ್ತು ಹೊಗಳಿದ್ದರು? ಅವಳ ಮುಖ ನಾನು ಎಂದೂ ಕಾಣದಷ್ಟು ಬೆಳಗುತ್ತಿತ್ತು. "ಆಗ್ಲಿ ಯವ್ವಾ, ಪ್ರತಿ ಹುಣ್ಣಿಮಿಗೂ ಮಾಡ್ತೀವಿ" ಎಂದುಬಿಟ್ಟಳು. ಉಧೋ ಉಧೋ ಎಂದು ಮೂರು ಸಾಲೂ ಮೊಳಗಿತು. ಹರಕೆ ಮಂಜೂರಾಯಿತು. ಮೇಲ್ಮನವಿಗೆ ಅವಕಾಶವಿಲ್ಲ.

ಸೆಟ್ಟು ಶ್ರೀರಾಮನಗರಕ್ಕೆ ಹೋಗುತ್ತದೆಂದು ನಾನು ಮನಸ್ಸಿನಲ್ಲೇ ಅದಕ್ಕೆ ವಿದಾಯ ಹೇಳಿದ್ದೆ. ಹೋಗಲಿಲ್ಲ. ಶ್ರೀರಾಮನಗರವೇ ಇಲ್ಲಿಗೆ ಬಂತು. ತಂಗಿಯ ಫೋನು ಹೋದದ್ದೇ ತಡ, ವಿರುಪಣ್ಣ ಟ್ರ್ಯಾಕ್ಟರಿನಲ್ಲಿ ಅಕ್ಕಿ ಚೀಲಗಳನ್ನೂ ಒಂದು ಕಬ್ಬಿಣದ ಸ್ಟ್ಯಾಂಡನ್ನೂ ಹೇರಿಕೊಂಡು ಬಂದ. ಸ್ಟ್ಯಾಂಡನ್ನು ಕಟ್ಟೆಯ ಮೇಲೆ ಸಿಮೆಂಟು ಹಾಕಿ ನಿಲ್ಲಿಸಿ, ನನ್ನ ಸ್ಪೀಕರುಗಳ ಮುಖವನ್ನು ರಸ್ತೆಗೆ ತಿರುಗಿಸಿದ. "ಮಾವಾರ, ನೀವು ಭಾಳ ಪುಣ್ಯವಂತರು" ಎಂದ. ನನಗೂ ಹಾಗೆಯೇ ಅನ್ನಿಸಬೇಕಾಗಿತ್ತು.

"ಟಿಕಳಿ?" ಎಂದು ಗಂಗಾಳನ್ನು ಕೇಳಿದೆ.

"ಇನ್ನ ಯಾತರ ಟಿಕಳಿ? ಸಣ್ಣ ಆವಾಜ್ ಇಟ್ರ ತಿರುವಿನ ಮಂದಿಗಿ ಹ್ಯಾಂಗ ತಿಳೀಬೇಕು?" ಎಂದು ಟಿಕಳಿಯನ್ನು ಕಿತ್ತು ಹಣೆಗೆ ಹಚ್ಚಿಕೊಂಡು, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

ಸಿಮೆಂಟು ಹಾಕಿದ ಸ್ಟ್ಯಾಂಡನ್ನು ಹುಣ್ಣಿಮೆ ಮುಗಿದ ಮೇಲೆ ಒಳಗೆ ತರಲಾಗುತ್ತದೆಯೇ? ಈಗ ದಿನಾ ಸಂಜೆ ಕಟ್ಟೆಯ ಮೇಲೆ ಓಣಿಯ ಹೆಂಗಸರ ದರಬಾರು. ಹಾಡು ಅವರು ಕೇಳಿದ್ದು, ಆವಾಜು ಅವರು ಇಟ್ಟದ್ದು. ನನ್ನ ಖುರ್ಚಿಯಲ್ಲಿ ನಸೀಮಾಬಿ ಕೂರುತ್ತಾಳೆ.

ನಾನು ಎಲ್ಲಿರುತ್ತೇನೆ ಎಂದು ಕೇಳುತ್ತೀರಾ? ಹಿತ್ತಲಿನಲ್ಲಿ, ಉಳ್ಳಾಗಡ್ಡಿ ಚೀಲದ ಪಕ್ಕದಲ್ಲಿ. ಅಟ್ಟದ ಮೇಲಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿಕೊಂಡಿದ್ದೇನೆ. ಗುಂಡಿಯನ್ನು ಕಾಲುಭಾಗ ಮಾತ್ರ ತಿರುಗಿಸಿ, ಅದಕ್ಕೆ ಕಿವಿ ಆನಿಸಿ ಕೂರುತ್ತೇನೆ. ಹಾಡುಗಾರ ಮೊದಲಿನ ಹಾಗೆ ಪಕ್ಕದ ಊರಿನಲ್ಲಿ ಕೂತು ಹಾಡುತ್ತಾನೆ. ಮಾತು ತಿಳಿಯುವುದಿಲ್ಲ, ತಿಳಿಯದಿದ್ದರೂ ಪರವಾಗಿಲ್ಲ. ಅವನ ಹತ್ತಿರ ಹೋಗಿ ಕೂರಬೇಕು ಎನ್ನಿಸುತ್ತದೆ, ಆ ಊರಿನಲ್ಲಿ ಸದ್ದು ಕಡಿಮೆ ಇರಬಹುದು.

ಮೊನ್ನೆಯ ಹುಣ್ಣಿಮೆಗೆ ಹನುಮಂತಪ್ಪನ ತಂಡ ಎರಡು ಪಟ್ಟಾಗಿ ಬಂದಿತ್ತು. ಕೈ ತೊಳೆಯಲು ಹಿತ್ತಲಿಗೆ ಬಂದವನು ನನ್ನನ್ನು ಕಂಡು ಬೆರಗಾದ.

"ಸಾವಕಾರ್ರ, ಹೊರಗ ಅಂಥಾ ಸೆಟ್ಟು ಇಟ್ಟು ಇಲ್ಲಿ ಈ ಡಬ್ಬಿಗಿ ಯಾಕ ಕಿವಿ ಹಚ್ಚೀರಿ?"

ನನ್ನ ಕಥೆಯನ್ನೆಲ್ಲ ಅವನಿಗೆ ಹೇಳಿದೆ. ಹೊರಗಿನ ಹಾಡಿಗೆ ಒಂದಕ್ಷರವೂ ಅವನಿಗೆ ಕೇಳಲಿಲ್ಲ. ನಕ್ಕು, ಕೈಮುಗಿದು ಹೋದ.

"ರೀ, ಉಳ್ಳಾಗಡ್ಡಿ ತಗೊಂಡ್ ಬರ್ರಿ!" ಎಂದು ಗಂಗಾ ಅಂಗಳದಿಂದ ಕೂಗಿದಳು. ಅಷ್ಟು ದೊಡ್ಡ ಹಾಡನ್ನು ದಾಟಿ ಒಂದೊಂದಕ್ಷರವೂ ಬಂದು ನನ್ನ ಕಿವಿಯಲ್ಲಿ ಕೂತಿತು. ಗಾದಿಲಿಂಗಪ್ಪ ಸುಳ್ಳು ಹೇಳಿರಲಿಲ್ಲ, ಆ ಸೆಟ್ಟಿನಲ್ಲಿ ಮಾತು ಎಲ್ಲಾ ತಿಳಿಯುತ್ತದೆ. ನನಗೆ ತಡೆಯಲಾಗಲಿಲ್ಲ. ಕೇಳಲಿಲ್ಲ ಎಂದು ಹೇಳಲು ಒಂದು ನೆಪ ಬೇಕಾಗಿತ್ತು. ಹಳೆಯ ಪೆಟ್ಟಿಗೆಯ ಗುಂಡಿಯನ್ನು ಅರ್ಧದಾಚೆಗೆ ತಿರುಗಿಸಿಬಿಟ್ಟೆ. ಗರ್ರ್ ಎಂದು ನನ್ನ ಕರಡಿ ಬಹಳ ದಿನದ ಮೇಲೆ ಎದ್ದು ನಿಂತಿತು. ಎಷ್ಟು ಹಾಯೆನಿಸಿತೆಂದರೆ ಕಣ್ಣು ಮುಚ್ಚಿದೆ.

"ರೀ!" ಎಂಬ ಕೂಗು ಅಂಗಳದ ಹಾಡನ್ನೂ ಹಿತ್ತಲಿನ ಕರಡಿಯನ್ನೂ ಸೀಳಿಕೊಂಡು ಬಂತು. "ಕರಡಿ ಎದ್ದೈತಿ ನೋಡ್ರಿ! ಆವಾಜ್ ಕಡಿಮಿ ಮಾಡ್ರಿ, ಇಲ್ಲಿ ಮಂದಿಗಿ ಹಾಡು ಕೇಳವಲ್ದು!"

ಗುಂಡಿ ಹಿಂದಕ್ಕೆ ತಿರುಗಿಸಿ, ಉಳ್ಳಾಗಡ್ಡಿಯ ಬುಟ್ಟಿ ಎತ್ತಿಕೊಂಡು ಹೋದೆ.